ಕೇಕಿಗೆ ಒಂದು ಬದಿ ತಮಿಳು

ನಿವೃತ್ತಿಯಾದ ಮರುದಿನ ಬೆಳಿಗ್ಗೆ ವಿರಾಮರಾಯರು ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಭೀಷ್ಮಪ್ರತಿಜ್ಞೆಯೊಂದನ್ನು ಮಾಡಿದರು.

"ನೋಡ್ತಾ ಇರು. ಇನ್ನೊಂದು ವಾರದಲ್ಲಿ ನಿನ್ನನ್ನ ತಮಿಳು ಹಾಡಿನ ರಸಿಕಳನ್ನಾಗಿ ಮಾಡದಿದ್ರೆ ನಾನು ಮೀಸೆ ಬೋಳಿಸ್ಕೋತೀನಿ!"

ಹೆಂಡತಿ ಮೊಟ್ಟೆ ಒಡೆಯುತ್ತಿದ್ದವರು ತಲೆ ಎತ್ತಿ ಗಂಡನ ಮುಖ ನೋಡಿದರು.

"ಮೀಸೆ ಎಲ್ಲಿದೆ ನಿಮಗೆ?"

"ಬೆಳೆಸಿ ಬೋಳಿಸ್ತೀನಿ!"

ವಿರಾಮರಾಯರು ಎಂಬುದು ಅವರ ಹೆಸರಲ್ಲ. ಅವರು ಹಲವು ಭಾಷೆಗಳ ಪುಸ್ತಕ ಅಚ್ಚು ಹಾಕುವ ಒಂದು ದೊಡ್ಡ ಮುದ್ರಣಾಲಯದಲ್ಲಿ ಪ್ರೂಫ್ ತಿದ್ದುವವರಾಗಿದ್ದರು. ಯಾರು ಏನು ಮಾತಾಡಲಿ, ನಡುವೆ ಕೈ ಎತ್ತಿ "ಒಂದ್ನಿಮಿಷ, ಇಲ್ಲಿ ಸ್ವಲ್ಪ ನಿಲ್ಲಿ" ಎನ್ನುವುದು ಅವರ ಅಭ್ಯಾಸ. ಎದುರಿಗಿದ್ದವರ ಮಾತಿಗೂ ಅಲ್ಪವಿರಾಮ ಹಾಕುವ ಈ ಚಟದಿಂದ ಸಹೋದ್ಯೋಗಿಗಳು ಅವರಿಗೆ ಆ ಬಿರುದು ಕೊಟ್ಟಿದ್ದರು. ಬೀಳ್ಕೊಡುಗೆಯ ದಿನ "ಇಂದು ನಮ್ಮ ಅಲ್ಪವಿರಾಮಕ್ಕೆ ಪೂರ್ಣವಿರಾಮ" ಎಂದು ಯಾರೋ ಭಾಷಣದಲ್ಲಿ ಅಂದು ಚಪ್ಪಾಳೆ ಗಿಟ್ಟಿಸಿದರು. ಪೂರ್ಣವಿರಾಮ ಕಚೇರಿಗೆ ಸಿಕ್ಕಿತು. ಮನೆಗೆ ಸಿಗಲಿಲ್ಲ.

ರಾಯರಿಗೆ ಸಿನಿಮಾ ಹಾಡೆಂದರೆ ಪ್ರಾಣ. ಕನ್ನಡದ ಹಾಡು ಕೇಳಿದರೆ ತವರಿಗೆ ಹೋಗಿ ಬಂದಷ್ಟು ಸುಖ. ಹಿಂದಿಯ ಹಳೆಯ ಗೀತೆಗಳಿಗೆ ಕಣ್ಣು ಮುಚ್ಚಿ ತಲೆದೂಗುವರು. ತೆಲುಗು ಹಾಡು ಬಂದರೆ ಕಾಲು ತಾನಾಗಿ ತಾಳ ಹಾಕುತ್ತಿತ್ತು. ಆದರೆ ತಮಿಳು ಹಾಡಿನ ವಿಷಯವೇ ಬೇರೆ. ಮುದ್ರಣಾಲಯದಲ್ಲಿ ಅವರ ಪಕ್ಕದ ಮೇಜು ತಮಿಳು ಪ್ರೂಫಿನದು. ಅಲ್ಲಿ ಕೂರುತ್ತಿದ್ದ ಗೆಳೆಯ ಊಟದ ಬಿಡುವಿನಲ್ಲಿ ಒಂದೊಂದೇ ಹಾಡು ಬಿಡಿಸಿ ಹೇಳುತ್ತ ಹೇಳುತ್ತ ಇವರಿಗೆ ತಮಿಳು ಕಲಿಸಿಬಿಟ್ಟಿದ್ದ. "ಮೊದಲು ಪಕಾರ ಕಂಡಲ್ಲೆಲ್ಲ ಹಕಾರ ಹಾಕಿಕೊಂಡು ನೋಡಿ, ಪಾಲು ಹಾಲಾಗುತ್ತೆ, ಪೂ ಹೂವಾಗುತ್ತೆ, ಪೆಣ್ಣು ಹೆಣ್ಣಾಗುತ್ತೆ, ಅರ್ಧ ತಮಿಳು ಬಂತು ಅಂತಲೇ ಲೆಕ್ಕ" ಎಂದು ಅವನು ಧೈರ್ಯ ತುಂಬಿದ್ದ. ಉಳಿದರ್ಧಕ್ಕೆ ರಾಯರ ಅರ್ಧ ಆಯಸ್ಸೇ ಹೋಯಿತು. ಹೋದದ್ದಕ್ಕೆ ಅವರಿಗೆ ಬೇಸರವಿರಲಿಲ್ಲ.

ಬೇಸರವಿದ್ದದ್ದು ಒಂದೇ ವಿಷಯಕ್ಕೆ. ಇಷ್ಟು ವರ್ಷ ಒಂದೇ ಮನೆಯಲ್ಲಿ ಬಾಳಿದ ಹೆಂಡತಿಯ ಜೊತೆ ಕೂತು ಒಂದು ಹಾಡನ್ನು, ಅದರ ಒಂದು ಸಾಲನ್ನಾದರೂ, ಅರ್ಥ ಹಂಚಿಕೊಂಡು ಕೇಳಲು ಆಗಿರಲಿಲ್ಲ. ಬೆಳಿಗ್ಗೆ ಹೋದರೆ ಸಂಜೆ ಬರುವ ಮನುಷ್ಯ. ಬಂದ ಮೇಲೆ ಪತ್ರಿಕೆ, ಊಟ, ನಿದ್ದೆ. ಅವರ ಮನಸ್ಸಿನಲ್ಲಿ ಒಂದು ಸಾಲು ಮಾತ್ರ ಕಾದು ಕುಳಿತಿತ್ತು. ಅದನ್ನು ಇವಳಿಗೆ ದಾಟಿಸದೆ ಕಣ್ಣು ಮುಚ್ಚಿದರೆ ತಾನು ಓದಿದ್ದು, ತಿದ್ದಿದ್ದು ಎಲ್ಲ ದಂಡ ಎಂದೇ ಅವರಿಗೆ ಅನ್ನಿಸಿಬಿಟ್ಟಿತ್ತು.

ಹೆಂಡತಿಯನ್ನು ಬೀದಿಯವರೆಲ್ಲ ಕರೆಯುವುದು ಕೇಕಮ್ಮ ಎಂದು. ಮನೆಯ ಅಡುಗೆಮನೆಯೇ ಅವರ ಬೇಕರಿ. ಆ ಅಡುಗೆಮನೆಯ ಕಿಟಕಿಕಟ್ಟೆಯ ಮೇಲೆ ಒಂದು ಹಳೆಯ ಟೇಪ್ ರೆಕಾರ್ಡರು, ಪಕ್ಕದಲ್ಲಿ ರಾಯರು ಮದುವೆಯ ಹೊಸತರಲ್ಲಿ ತಮಗೆ ಬೇಕಾದ ಹಾಡುಗಳನ್ನು ಆರಿಸಿ ಅಂಗಡಿಯಲ್ಲಿ ತುಂಬಿಸಿಕೊಂಡು ಬಂದ ಕ್ಯಾಸೆಟ್ಟುಗಳು. ಹಗಲೆಲ್ಲ ಅವು ಹಾಡುತ್ತಿದ್ದವು ಎಂಬುದು ರಾಯರಿಗೆ ಗೊತ್ತಿತ್ತು. "ನಾನಿಲ್ಲದಾಗಲೂ ನನ್ನ ಹಾಡೇ ಕೇಳ್ತಾಳೆ!" ಎಂದು ಅವರು ಕಚೇರಿಯಲ್ಲಿ ಎದೆಯುಬ್ಬಿಸಿ ಹೇಳಿಕೊಂಡದ್ದೂ ಉಂಟು. ನೆಲ ಹದವಾಗಿದೆ, ಬೀಜ ಬಿತ್ತುವುದಷ್ಟೇ ಬಾಕಿ ಎಂಬ ಭರವಸೆಯಿಂದಲೇ ಆ ಪ್ರತಿಜ್ಞೆ ಹೊರಟಿತ್ತು.

ಮೊದಲ ಪಾಠ ಅಂದೇ ಮಧ್ಯಾಹ್ನ.

ಆವತ್ತು ಕೇಕಮ್ಮನವರಿಗೆ ದೊಡ್ಡ ಕೆಲಸವಿತ್ತು. ಎದುರು ಬೀದಿಯ ಆಸ್ಪತ್ರೆಯಲ್ಲಿ ಹಿರಿಯ ನರ್ಸೊಬ್ಬರು ನಿವೃತ್ತರಾಗುತ್ತಿದ್ದರು. ಸಂಜೆಯ ಚಹಾಕ್ಕೆ ಕೇಕು ಒಯ್ಯಲು ಇನ್ನೊಬ್ಬ ನರ್ಸ್ ನಾಲ್ಕು ಗಂಟೆಗೆ ಬರುವವರಿದ್ದರು. ಕೇಕಮ್ಮ ಹಿಟ್ಟು ಕಲಸಿ, ಅಚ್ಚಿಗೆ ಸುರಿದು, ಅವನ್ ಒಳಗಿಟ್ಟು ಬಾಗಿಲು ಹಾಕಿದರು. ಹಾಕಿದವರೇ ಕ್ಯಾಸೆಟ್ ಒಂದನ್ನು ಟೇಪಿಗೆ ತುರುಕಿ ಗುಂಡಿ ಒತ್ತಿದರು. ತಮಿಳು ಹಾಡು ಶುರುವಾಯಿತು.

"ಆಹಾ!" ಎಂದರು ರಾಯರು.

"ನಾನು ಸ್ನಾನ ಮಾಡ್ಕೊಂಡು ಬರ್ತೀನಿ. ತಲೆಯೆಲ್ಲ ಹಿಟ್ಟು. ಅದನ್ನ ಮುಟ್ಬೇಡಿ."

ಅದು ಎಂದರೆ ಅವನ್ ಎಂದು ರಾಯರು ತಿಳಿದರು. ಅವರು ಅವನ್ ಅನ್ನು ಖಂಡಿತ ಮುಟ್ಟಲಿಲ್ಲ.

ಹಾಡುಗಳು ಒಂದಾದ ಮೇಲೊಂದು ಹರಿದವು. ರಾಯರು ಕುರ್ಚಿಯಲ್ಲಿ ಕೂತು ಕೇಳುತ್ತ ಕರಗಿದರು. ಏನು ಕಸುಬು ಇದು! ಸಂಗೀತದವನು ಮೊದಲೇ ಮಟ್ಟು ಹಾಕಿ ಕೊಟ್ಟಿರುತ್ತಾನೆ. ಕವಿ ಆ ಅಳತೆಗೆ ಸರಿಯಾಗಿ ಮಾತು ಹೊಲಿಯಬೇಕು. ಒಂದು ಮಾತ್ರೆ ಹೆಚ್ಚಾದರೆ ಬಿಗಿ, ಕಡಿಮೆಯಾದರೆ ಜೋಲು. ಅಷ್ಟು ಸಾಲದೆಂದು ಸಾಲು ಸಾಲಿನ ಎರಡನೆಯ ಅಕ್ಷರವೂ ಒಂದೇ ಆಗಬೇಕೆಂಬ ಹಳೆಯ ಹಟ. ನಮ್ಮಲ್ಲೂ ಅದು ಆದಿಪ್ರಾಸವೆಂಬ ಹೆಸರಿನಲ್ಲಿ ಇತ್ತು. ನಾವು ಅದನ್ನು ಪರೀಕ್ಷೆ ಬರೆದು ಶಾಲೆಯಲ್ಲೇ ಬಿಟ್ಟು ಬಂದೆವು. ಅವರು ಸಿನಿಮಾ ಟೆಂಟಿನವರೆಗೂ ಅದನ್ನು ಕೈಹಿಡಿದು ಕರೆತಂದರು. ಇನ್ನು ಒಂದು ಸಾಲು ಮುಗಿದ ಪದದಿಂದಲೇ ಮುಂದಿನ ಸಾಲು ಏಳುವ ಚಂದವೋ! ಶಾಲೆಯ ಮಕ್ಕಳು ಒಬ್ಬರ ಕೈ ಒಬ್ಬರು ಹಿಡಿದು ರಸ್ತೆ ದಾಟುವ ಹಾಗೆ. ಇಷ್ಟೆಲ್ಲ ಕಟ್ಟುಪಾಡಿನೊಳಗೆ ಕೂತು ಆ ಕವಿ ಕಷ್ಟಪಟ್ಟದ್ದು ಕೇಳುವವನಿಗೆ ಗೊತ್ತೇ ಆಗುವುದಿಲ್ಲ. ಯಾರೋ ಜಗಲಿಯಲ್ಲಿ ಕೂತು ಮಾತಾಡಿದಂತಿರುತ್ತದೆ.

ಆ ಬದಿಯ ಕೊನೆಯ ಹಾಡು ಬಂತು. ರಾಯರು ಎದ್ದು ನಿಂತರು. ತಟ್ಟೆಯ ಸಿಹಿಯನ್ನು ಕೊನೆಗೆ ಉಳಿಸಿಕೊಳ್ಳುವವರ ಹಾಗೆ ಅದನ್ನು ಅವರು ಬೇಕೆಂದೇ ಕೊನೆಗೆ ತುಂಬಿಸಿದ್ದರು. ಅದರ ಎರಡನೆಯ ಚರಣದಲ್ಲೇ ಆ ಸಾಲು!

ಆದರೆ ಶ್ರೋತೃ ಎಲ್ಲಿ? ಬಚ್ಚಲಲ್ಲಿ. ರಾಯರಿಗೆ ಮಿಂಚಿನಂಥ ಉಪಾಯ ಹೊಳೆಯಿತು. ಬಚ್ಚಲಲ್ಲಿರುವ ಶ್ರೋತೃವಿಗಿಂತ ಉತ್ತಮ ಶ್ರೋತೃ ಲೋಕದಲ್ಲಿ ಉಂಟೆ? ಎದ್ದು ಹೋಗುವಂತಿಲ್ಲ, ಹಿಟ್ಟು ಕಲಸುವಂತಿಲ್ಲ, ಫೋನು ಎತ್ತುವಂತಿಲ್ಲ. ಅವರು ಟೇಪ್ ರೆಕಾರ್ಡರನ್ನು ವೈರಿನ ಸಮೇತ ಎಳೆದುಕೊಂಡು ಹೋಗಿ ಬಚ್ಚಲ ಬಾಗಿಲ ಮುಂದೆ ಪ್ರತಿಷ್ಠಾಪಿಸಿದರು.

"ಕೇಳಿಸ್ತಾ ಇದೆಯೇನೇ?"

"ಏನು?" ಒಳಗೆ ನೀರು ಸುರಿಯುವ ಸದ್ದು.

"ಹಾಡು! ಒಂದ್ನಿಮಿಷ, ಇಲ್ಲಿ ಸ್ವಲ್ಪ ನಿಲ್ಲಿಸ್ತೀನಿ." ಟೇಪ್ ನಿಂತಿತು. "ಈಗ ಅವಳು ಏನು ಹೇಳ್ತಾಳೆ ಗೊತ್ತಾ? ಚಂದ್ರ ಇಲ್ಲ, ತಾರೆ ಇಲ್ಲ, ಒಂದು ಹೂವೂ ಇಲ್ಲ. ಬರೀ ನೀರು! ಇರು, ಮತ್ತೆ ಹಾಕ್ತೀನಿ."

ಹಿಂದಕ್ಕೆ ಸುತ್ತಿದರು. ಒತ್ತಿದರು. ಸಾಲು ಬರುವ ಮೊದಲೇ ತಡೆಯಲಾರದೆ ಮತ್ತೆ ನಿಲ್ಲಿಸಿದರು.

"ಮೊದಲು ಹಿನ್ನೆಲೆ ಹೇಳ್ಬೇಕು. ಇದು ವಯಸ್ಸಾದ ಗಂಡ ಹೆಂಡತಿ ಹಾಡು."

"ರೀ, ಅದು ಮುಂದಕ್ಕೆ ಹೋಗ್ಲಿ ಬಿಡಿ!" ಒಳಗಿನಿಂದ ಕೂಗು.

ರಾಯರ ಹೃದಯ ಅರಳಿತು. ಎಂಥ ಆತುರ! ಮೊದಲ ಪಾಠಕ್ಕೇ ಮುಂದೇನು ಎಂಬ ಕಾತರ! ಇಂಥ ಶಿಷ್ಯೆಗೆ ಅರೆಬರೆ ಕಲಿಸಬಾರದೆಂದು ಹಾಡನ್ನು ಪಲ್ಲವಿಯವರೆಗೆ ಹಿಂದಕ್ಕೆ ಸುತ್ತಿದರು. ಪ್ರತಿ ಸಾಲಿಗೆ ನಿಲ್ಲಿಸಿ, ಪದ ಬಿಡಿಸಿ, ಪ್ರಾಸ ತೋರಿಸಿ, ಮತ್ತೆ ಒತ್ತಿದರು. ಮೂಗಿಗೆ ಏನೋ ಸೀದ ವಾಸನೆ ಬಡಿಯಿತು.

"ಪಕ್ಕದ ಮನೆಯವರು ಏನೋ ಸೀಯಿಸ್ಕೊಂಡಿದ್ದಾರೆ, ಪಾಪ," ಎಂದು ಪಾಠದ ನಡುವೆಯೇ ಕನಿಕರಪಟ್ಟು ಮುಂದುವರಿಸಿದರು. "ಹಾಂ, ಕೇಳು. ಈ ಸಾಲು! 'ನೀರು ತಂದೆ ನಾನು, ದಾಹವಿಲ್ಲ ಅಂದೆ ನೀನು. ದಾಹವೆಂದು ನೀನು ಬಂದಾಗ ನಾನು ನೀರಿಗೆ ಹೋಗಿದ್ದೆ.' ಅಷ್ಟೇ ಕಣೇ! ಇಡೀ ಸಂಸಾರ ಅಷ್ಟರಲ್ಲಿದೆ! ಇಬ್ಬರದೂ ತಪ್ಪಿಲ್ಲ, ಹೊತ್ತು ಮಾತ್ರ ಕೂಡಿಬರಲಿಲ್ಲ. ಹೇಗಿದೆ?"

ನೀರಿನ ಸದ್ದು ನಿಂತಿತು. ಒಳಗೆ ಒಂದು ಕ್ಷಣ ಮೌನ. ರಾಯರು ಪುಳಕಿತರಾದರು. ತಟ್ಟಿತು! ಮೌನವೆಂದರೆ ತಟ್ಟಿದ ಗುರುತೇ!

ಬಾಗಿಲು ದಢಾರನೆ ತೆರೆಯಿತು.

"ಎಷ್ಟು ಹೊತ್ತಿಂದ ಈ ಒಂದೇ ಹಾಡು ಓಡ್ತಿದೆ? ನಿಲ್ಲಿಸಿ ನಿಲ್ಲಿಸಿ ಹಾಕ್ತಿದ್ರಾ? ಅಯ್ಯೋ, ನನ್ನ ಕೇಕು!"

ಒದ್ದೆ ತಲೆಗೆ ಟವೆಲು ಸುತ್ತಿಕೊಂಡು ಕೇಕಮ್ಮ ಅಡುಗೆಮನೆಗೆ ಓಡಿದರು. ರಾಯರು ಹಿಂದೆ ಓಡಿದರು. ಅವನ್ ಬಾಗಿಲು ತೆರೆದಾಗ ಕಪ್ಪು ಹೊಗೆ ಮೊದಲು ಬಂತು, ಕೇಕು ಆಮೇಲೆ. ಅದು ಕೇಕಾಗಿತ್ತೆಂದು ಹೇಳಲು ಅಚ್ಚಿನ ಆಕಾರವೊಂದೇ ಸಾಕ್ಷಿ.

"ಹಾಡಿಗೂ ಕೇಕಿಗೂ ಏನು ಸಂಬಂಧ?" ಎಂದರು ರಾಯರು, ಹೊಗೆಯಲ್ಲಿ ಕೆಮ್ಮುತ್ತ.

ಸಂಬಂಧವನ್ನು ಕೇಕಮ್ಮ ವಿವರಿಸಿದರು. ಅವನ್‌ನ ಸಮಯದ ಗುಂಡಿ ಕೆಟ್ಟು ಎಷ್ಟೋ ವರ್ಷವಾಗಿತ್ತು. ಕೇಕಿಗೆ ತಮಿಳು ಕ್ಯಾಸೆಟ್ಟಿನ ಮೊದಲ ಬದಿ. ಬದಿ ಮುಗಿದು ಟೇಪ್ 'ಟಕ್' ಎಂದರೆ ಕೇಕು ಇಳಿಸಬೇಕು. ಮನೆಯ ಯಾವ ಮೂಲೆಯಲ್ಲಿದ್ದರೂ ಈಗ ಯಾವ ಹಾಡು ಎಂದು ಕೇಳಿದರೆ ಇನ್ನೆಷ್ಟು ಹೊತ್ತಿದೆ ಎಂದು ತಿಳಿಯುತ್ತದೆ. ಬಿಸ್ಕತ್ತಿಗೆ ಹಿಂದಿಯ ಮೂರು ಹಾಡು. ಬನ್ನಿನ ಹಿಟ್ಟು ಉಬ್ಬಲು ತೆಲುಗು, ಎರಡೂ ಬದಿ.

"ಮತ್ತೆ ಕನ್ನಡ?" ರಾಯರ ದನಿ ಉಡುಗಿತ್ತು.

"ಪಾತ್ರೆ ತೊಳೆಯೋಕೆ."

ರಾಯರು ಕುರ್ಚಿಯಲ್ಲಿ ಕುಸಿದರು. ಮಹಾಕವಿಗಳೆಲ್ಲ ತಮ್ಮ ಮನೆಯಲ್ಲಿ ಇಷ್ಟು ವರ್ಷ ಗಡಿಯಾರದ ಮುಳ್ಳಾಗಿ ದುಡಿದಿದ್ದರು! ಯಾವ ಹಾಡಿನ ಪ್ರಾಸಕ್ಕೆ ತಾವು ಕಣ್ಣೀರಿಟ್ಟಿದ್ದರೋ ಅದು ಈ ಮನೆಯಲ್ಲಿ ಕೇಕು ಕೆಂಪಾಗುವ ಹೊತ್ತು ಮಾತ್ರ.

"ಹಾಗಾದ್ರೆ ನೀನು ಹಾಡು ಕೇಳ್ತಾನೇ ಇರಲಿಲ್ಲ!"

ಕೇಕಮ್ಮ ಕರಕಲನ್ನು ಚಾಕುವಿನಿಂದ ಕೆರೆಯುತ್ತಿದ್ದವರು ಕೈ ನಿಲ್ಲಿಸಿದರು. "ಬೆಳಿಗ್ಗೆ ಹೋದ್ರೆ ಸಂಜೆ ಬರ್ತಿದ್ರಿ. ಮನೇಲಿ ಇನ್ಯಾರಿದ್ರು ಮಾತಾಡೋಕೆ? ಈ ಡಬ್ಬಿ ಮಾತಾಡ್ತಿತ್ತು. ಏನು ಹೇಳುತ್ತೆ ಅಂತ ಗೊತ್ತಿರಲಿಲ್ಲ, ಸರಿ. ಆದ್ರೆ ನೀವು ಆರಿಸಿ ತಂದದ್ದು ಅಂತ ಗೊತ್ತಿತ್ತಲ್ಲ. ಅಂಗಡೀಲಿ ಟಿಂಗ್ ಅನ್ನೋ ಯಂತ್ರ ಸಿಗುತ್ತೆ, ನಂಗೆ ಗೊತ್ತಿಲ್ವಾ? ನನಗೆ ಬೇಡ ಅನ್ನಿಸ್ತು."

ರಾಯರಿಗೆ ನಾಚಿಕೆಯೂ ಆಯಿತು, ಎಲ್ಲೋ ಒಂದು ಕಡೆ ಸಂತೋಷವೂ ಆಯಿತು. ಏನಾದರೂ ಹೇಳಬೇಕೆಂದು ಬಾಯಿ ತೆರೆದರು.

"ಸಾಕು, ಈಗ ಭಾಷಣ ಬೇಡ," ಎಂದರು ಕೇಕಮ್ಮ. "ಇನ್ನೊಂದು ಕೇಕಿಗಾಗುವಷ್ಟು ಮೊಟ್ಟೆ ಇದೆ. ಹೊತ್ತೂ ಅಷ್ಟೇ ಇದೆ. ಇದು ಕೆಟ್ರೆ ಆ ಸಿಸ್ಟರ್ ಬರಿಗೈಲಿ ಹೋಗ್ಬೇಕಾಗುತ್ತೆ, ನಾನು ಈ ಬೀದೀಲಿ ತಲೆ ಎತ್ತೋ ಹಾಗಿಲ್ಲ. ಆ ಟೇಪ್ ತನ್ನಿ."

ಟೇಪ್ ತಂದರು. ಬಚ್ಚಲ ಬಾಗಿಲಲ್ಲಿ ಅದು ಇನ್ನೂ ಗುಂಯ್ ಎನ್ನುತ್ತಲೇ ಇತ್ತು. ಬದಿ ಮುಗಿದಿತ್ತು, ಆದರೆ ಗುಂಡಿ ಮೇಲೆದ್ದಿರಲಿಲ್ಲ. ರಾಯರ ಸಾಹಿತ್ಯ ವಿಮರ್ಶೆಯ ಹೊಡೆತಕ್ಕೆ ಒಳಗೆ ಯಾವುದೋ ಸ್ಪ್ರಿಂಗು ಪ್ರಾಣ ಬಿಟ್ಟಿತ್ತು.

"ಟಕ್ ಅನ್ನೋದೇ ಹೋಯ್ತಲ್ರೀ!"

"ಗೋಡೆ ಗಡಿಯಾರ ನೋಡಿದ್ರಾಗಲ್ವಾ?"

"ಆ ಅವನ್‌ಗೂ ಟೇಪಿಗೂ ಒಟ್ಟಿಗೆ ವಯಸ್ಸಾಗಿದೆ. ಕರೆಂಟು ಇಳಿದ್ರೆ ಟೇಪ್ ನಿಧಾನವಾದಷ್ಟೇ ಅದೂ ನಿಧಾನವಾಗುತ್ತೆ. ನಿಮ್ಮ ಗಡಿಯಾರಕ್ಕೆ ಅದು ಬಗ್ಗಲ್ಲ." ಕೇಕಮ್ಮ ಯೋಚಿಸಿ ತೀರ್ಪು ಕೊಟ್ಟರು. "ಇವತ್ತು ಟಕ್ ನೀವೇ ಅನ್ನಬೇಕು. ಇಲ್ಲೇ ಕೂತ್ಕೊಳ್ಳಿ. ಕೊನೇ ಹಾಡು ಮುಗಿದ ತಕ್ಷಣ ಕೂಗಿ. ಅಲ್ಲೀವರೆಗೂ ಒಂದೇ ಒಂದು ಮಾತು ಆಡಿದ್ರೆ ನೋಡಿ ಮತ್ತೆ!"

ಹೀಗೆ ವರ್ಷಗಟ್ಟಲೆ ಪ್ರೂಫು ತಿದ್ದಿದ, ತಪ್ಪು ಹುಡುಕುವುದರಲ್ಲಿ ಹೆಸರಾದ ವಿರಾಮರಾಯರು ತಮ್ಮ ನಿವೃತ್ತಿಯ ಮೊದಲ ದಿನವೇ 'ಟಕ್' ಎಂಬ ಹೊಸ ಹುದ್ದೆಗೆ ನೇಮಕಗೊಂಡರು.

ಎರಡನೆಯ ಕೇಕು ಒಳಗೆ ಹೋಯಿತು. ಕ್ಯಾಸೆಟ್ಟು ಮೊದಲಿನಿಂದ ಶುರುವಾಯಿತು. ರಾಯರು ಟೇಪಿನ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತರು. ಮೊದಲ ಹಾಡು ಬಂತು, ನಾಲಗೆ ತುರಿಸಿತು, ಕಚ್ಚಿಕೊಂಡರು. ಎರಡನೆಯದರ ಪ್ರಾಸ ಬಂದಾಗ ಕೈ ತಾನಾಗಿ ಮೇಲೆದ್ದಿತು, ಅದನ್ನು ಇನ್ನೊಂದು ಕೈಯಿಂದ ಹಿಡಿದು ಕೂರಿಸಿದರು. ಆಮೇಲಾಮೇಲೆ ಅವರಿಗೆ ನಿಜವಾಗಿಯೂ ಹೆದರಿಕೆ ಹತ್ತಿತು. ಈ ಟೇಪು ನಡುವೆ ಸಿಕ್ಕಿಕೊಂಡರೆ? ಕೊನೆ ಮುಗಿದದ್ದು ತಮಗೆ ಗೊತ್ತಾಗದೆ ಹೋದರೆ? ಅವರು ಕ್ಯಾಸೆಟ್ಟಿನ ಪುಟ್ಟ ಕಿಟಕಿಗೆ ಮೂಗು ತಾಗುವಷ್ಟು ಬಗ್ಗಿದರು. ಎಡಗಡೆಯ ಸುರುಳಿ ಸಣ್ಣಗಾಗುತ್ತಿತ್ತು, ಬಲಗಡೆಯದು ದಪ್ಪಗಾಗುತ್ತಿತ್ತು. ಮನೆಯ ಮಾನವೆಲ್ಲ ಆ ಎಡಗಡೆಯ ಸುರುಳಿಯಲ್ಲಿತ್ತು. ಹಾಡಿನಲ್ಲಿ ಏನಿದೆ ಎಂಬುದು ಅವರ ಕಿವಿಗೆ ಬೀಳುವುದು ನಿಂತುಹೋಗಿತ್ತು. ಸುರುಳಿ, ಸುರುಳಿ, ಅದೊಂದೇ ಧ್ಯಾನ.

ಕೇಕಮ್ಮ ಆಚೆ ಕಟ್ಟೆಯ ಹತ್ತಿರ ನಿಂತು ಕೆನೆ ಕಡೆಯುತ್ತಿದ್ದರು. ಕೊನೆಯ ಹಾಡು ಶುರುವಾಯಿತು. ಎಷ್ಟೋ ವರ್ಷದಿಂದ ಅವರಿಗೆ ಅದು 'ಇಳಿಸೋ ಹಾಡು'. ಇಂದು ಮಾತ್ರ ಬಚ್ಚಲ ಬಾಗಿಲಾಚೆಯಿಂದ ಗಂಡ ಕಿರುಚಿ ಹೇಳಿದ ಅರ್ಥವೂ ಜೊತೆಗೆ ಬಂದಿತ್ತು. ಮೊದಲ ಚರಣ ಹೋಯಿತು. ಎರಡನೆಯದು ಬಂತು. ಹಾಡುವವಳು ನೀರು ಎಂದಳು. ಕೇಕಮ್ಮನ ಕೈ ನಿಧಾನವಾಯಿತು. ಆ ಸಾಲು ಬಂತು, ಹೋಯಿತು. ಕಡೆಯುವ ಸದ್ದು ಪೂರ್ತಿ ನಿಂತಿತು.

ಕೇಕಮ್ಮ ಕೆನೆ ಮೆತ್ತಿದ ಕೈಯಲ್ಲೇ ಗಂಡನ ಹತ್ತಿರ ಬಂದು ನಿಂತರು. ಕಣ್ಣಲ್ಲಿ ನೀರಿತ್ತು. ಮುಖದಲ್ಲಿ ರಾಯರು ಮದುವೆಯಾದಂದಿನಿಂದ ಕಾಣಬೇಕೆಂದು ಕಾದಿದ್ದ ಬೆಳಕಿತ್ತು.

"ರೀ," ಎಂದರು ಮೆಲ್ಲಗೆ. "ಈಗ ಹೋಯ್ತಲ್ಲ, ಆ ಸಾಲು. ಅದನ್ನ ಕೇಳಿದ್ರೆ ನನಗೆ ಏನನ್ನಿಸುತ್ತೆ ಅಂದ್ರೆ..."

"ಶ್! ಸುಮ್ನಿರೇ!" ರಾಯರು ಕಣ್ಣು ಕೀಳದೆ, ಬೆರಳೆತ್ತಿ ಗದರಿದರು. "ಹಾಡು ಆಮೇಲೆ! ಮೊದ್ಲು ಕೇಕು!"

ಕೇಕಮ್ಮ ಕಟ್ಟೆಯ ಹತ್ತಿರ ಹಿಂದಿರುಗಿದರು. ಎಡಗಡೆಯ ಸುರುಳಿ ಮುಗಿಯಿತು. "ಟಕ್!" ಎಂದು ರಾಯರು ಮನೆ ಅದುರುವ ಹಾಗೆ ಕೂಗಿದರು. ಕೇಕಮ್ಮ ಓಡಿಹೋಗಿ ಅವನ್ ತೆರೆದರು. ಹೊಂಬಣ್ಣದ, ಉಬ್ಬಿದ, ಎಲ್ಲೂ ಬಿರುಕಿಲ್ಲದ ಕೇಕು. ಅಷ್ಟು ಚಂದದ ಕೇಕು ಆ ಮನೆಯಲ್ಲಿ ಬಹಳ ದಿನದಿಂದ ಆಗಿರಲಿಲ್ಲ.

ಅದನ್ನು ಆರಿಸಿ, ಕೆನೆ ಸವರಿ, ಡಬ್ಬಕ್ಕೆ ಇಳಿಸುವ ಹೊತ್ತಿಗಷ್ಟೇ ರಾಯರಿಗೆ ತಾವು ಏನು ಮಾಡಿದೆವು ಎಂಬುದು ತಲೆಗೆ ಹೊಕ್ಕಿತು. ಅವರು ಹೆಂಡತಿಯ ಹತ್ತಿರ ಹೋಗಿ, ಅಪರಾಧಿಯ ದನಿಯಲ್ಲಿ ಕೇಳಿದರು:

"ಏನೋ ಹೇಳೋಕೆ ಬಂದೆಯಲ್ಲ ಆಗ?"

"ಬಂದಿದ್ದೆ."

"ಏನು ಅದು? ಹೇಳು. ಏನನ್ನಿಸ್ತು?"

ಕೇಕಮ್ಮ ಡಬ್ಬದ ದಾರ ಕಟ್ಟುತ್ತ ನೆನಪು ಮಾಡಿಕೊಳ್ಳಲು ನೋಡಿದರು. ನಿಜವಾಗಿಯೂ ನೋಡಿದರು. ಆಮೇಲೆ ತಲೆಯಾಡಿಸಿದರು.

"ಆ ಸಾಲು ಹೋಗ್ತಿದ್ದಾಗ ಬಾಯಿಗೇ ಬಂದಿತ್ತು ರೀ. ನೀವು ಗದರಿದ್ರಿ, ಹೋಯ್ತು. ಈಗ ಕೇಳಿದ್ರೆ ಬರಲ್ಲ."

"ಇನ್ನೊಂದ್ಸಲ ಹಾಕ್ತೀನಿ ಇರು!"

"ಸುಮ್ನೆ ಕೂತು ಕೇಳಿದ್ರೆ ನನಗೆ ನಿದ್ದೆ ಬರುತ್ತೆ. ಒಳಗೆ ಕೇಕಿದ್ರೇನೇ ನನ್ನ ಕಿವಿ ತೆರೆಯೋದು. ಮುಂದಿನ ಕೇಕು ಇಟ್ಟಾಗ ಬಂದ್ರೆ ಹೇಳ್ತೀನಿ ಬಿಡಿ."

"ಮುಂದಿನ ಕೇಕು ಯಾವಾಗ?"

"ಆರ್ಡರ್ ಬಂದಾಗ."

ಬಾಗಿಲಲ್ಲಿ ಗಂಟೆ ಬಾರಿಸಿತು. ಆಸ್ಪತ್ರೆಯ ನರ್ಸ್ ಬಂದಿದ್ದರು. ಡಬ್ಬದ ಮುಚ್ಚಳ ಎತ್ತಿ ನೋಡಿ ಅವರ ಮುಖ ಅರಳಿತು. ಕೇಕಮ್ಮನ ಕೈಹಿಡಿದು ಹೊಗಳಿದರು. ಡಬ್ಬವನ್ನು ಗೇಟಿನವರೆಗೆ ಹೊತ್ತು ತರುವ ಕೆಲಸ ರಾಯರ ಪಾಲಿಗೆ ಬಂತು. ಅವರು ಡಬ್ಬವನ್ನು ಹುಷಾರಾಗಿ ನರ್ಸ್ ಕೈಗೆ ಒಪ್ಪಿಸಿದರು. ಆದರೆ ಕೈ ಬಿಡಲಿಲ್ಲ. ಹಿಂದೆ ಮುಂದೆ ನೋಡಿ, ದನಿ ತಗ್ಗಿಸಿ ಕೇಳಿದರು:

"ಸಿಸ್ಟರ್, ತಪ್ಪು ತಿಳ್ಕೋಬೇಡಿ... ನಿಮ್ಮ ಆಸ್ಪತ್ರೇಲಿ ಇನ್ನು ಯಾರಾದ್ರೂ ಬೇಗ ರಿಟೈರ್ ಆಗೋರು ಇದ್ದಾರಾ?"